ಹಳೆಯ ಅಂಬಾಸಿಡರ್ ಕಾರಿನ ಲೋಹದ ಭಾಗಗಳನ್ನು ಶುಚಿಗೊಳಿಸುವ ಕ್ರಮ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರುಗಳಲ್ಲಿ ಹಲವು ಇಂದಿಗೂ ನಮ್ಮ ಊರುಗಳ ಶೆಡ್ಡುಗಳಲ್ಲಿ ನಿಂತಿವೆ. ಅವುಗಳ ಲೋಹದ ಭಾಗಗಳಲ್ಲಿ ಬಹುಪಾಲನ್ನು ಮನೆಯಲ್ಲೇ ಶುಚಿಗೊಳಿಸಿ ಉಳಿಸಿಕೊಳ್ಳಬಹುದು. ಆದರೆ ಯಾವ ಭಾಗ ಯಾವ ಲೋಹದ್ದು ಎಂಬುದನ್ನು ತಿಳಿಯದೆ ಕೆಲಸಕ್ಕೆ ಕೈಹಾಕಬಾರದು. ತುಕ್ಕು ಹಿಡಿದು ಹಾಳಾದ ಭಾಗಗಳಿಗಿಂತ, ತಪ್ಪು ದ್ರಾವಣದಲ್ಲಿ ನೆನೆಸಿ ಹಾಳುಮಾಡಿದ ಭಾಗಗಳನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ. ನಾನೇ ಒಮ್ಮೆ ಕ್ರೋಮ್ ಲೇಪವಿದ್ದ ಬಾಗಿಲಿನ ಹಿಡಿಕೆಯೊಂದನ್ನು ಉಕ್ಕಿನದೆಂದು ಭಾವಿಸಿ ರಾತ್ರಿಯಿಡೀ ವಿನೆಗರ್‌ನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ತೆಗೆದು ನೋಡಿದರೆ ಲೇಪ ಪೊರೆಯಂತೆ ಎದ್ದುಬಂದಿತ್ತು, ಅದರಡಿಯ ಬೂದುಬಣ್ಣದ ಲೋಹದ ತುಂಬ ಸಣ್ಣ ಸಣ್ಣ ಗುಳಿಗಳು ಬಿದ್ದಿದ್ದವು. ಅದು ಸತುವಿನ ಮಿಶ್ರಲೋಹದ ಎರಕವಾಗಿತ್ತು. ಸತುವನ್ನು ಆಮ್ಲ ಬೇಗನೆ ತಿನ್ನುತ್ತದೆ.

ಆದ್ದರಿಂದ ಮೊದಲು ಒಂದು ಅಯಸ್ಕಾಂತವನ್ನು ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಉಕ್ಕು ಅಥವಾ ಎರಕದ ಕಬ್ಬಿಣ. ಅಂಟದಿದ್ದರೆ ಕಣ್ಣಿಗೆ ಬೀಳದ ಹಿಂಬದಿಯಲ್ಲಿ ಸಣ್ಣ ಅರದಿಂದ ಒಮ್ಮೆ ಉಜ್ಜಿ: ಹಳದಿ ಕಂಡರೆ ಹಿತ್ತಾಳೆ, ಹಗುರವಾಗಿದ್ದು ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ, ಕೈಗೆ ಭಾರವೆನಿಸಿ ಬೂದುಬಣ್ಣ ಕಂಡರೆ ಸತುವಿನ ಎರಕ.

ಭಾಗಗಳನ್ನು ಬಿಚ್ಚುವ ಮುನ್ನ ಫೋಟೋ ತೆಗೆದುಕೊಂಡು, ಬಿಗಿದುಕೊಂಡ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ದಿನ ಬಿಡಿ. ಬಿಚ್ಚಿದ ಮೇಲೆ ಗ್ರೀಸನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ಬ್ರಷ್ ಹಾಕಿ ತೊಳೆದು, ಅನಂತರ ಬಿಸಿನೀರು ಮತ್ತು ಸೋಪಿನ ಪುಡಿಯಿಂದ ಮತ್ತೊಮ್ಮೆ ತೊಳೆಯಬೇಕು, ಏಕೆಂದರೆ ಎಣ್ಣೆಯ ಜಿಡ್ಡು ಉಳಿದ ಕಡೆ ಯಾವ ದ್ರಾವಣವೂ ಲೋಹವನ್ನು ಮುಟ್ಟುವುದಿಲ್ಲ. ಹಳೆಯ ಬ್ರೇಕ್ ಡ್ರಮ್ಮಿನ ದೂಳಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದನ್ನು ಕಂಪ್ರೆಸರ್ ಗಾಳಿಯಿಂದ ಎಂದಿಗೂ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಎಮರಿ ಪೇಪರನ್ನು ನೀರು ಹಾಕಿಯೇ ಉಜ್ಜಿ, ಮಾಸ್ಕ್ ಧರಿಸಿ.

ಬಂಪರ್ ಬ್ರಾಕೆಟ್, ಜ್ಯಾಕ್, ಬಾಗಿಲ ಕೀಲುಗಳಂತಹ ಉಕ್ಕಿನ ಭಾಗಗಳಿಗೆ ವಿದ್ಯುತ್ ವಿಧಾನವೇ ಉತ್ತಮವೆಂಬುದು ನನ್ನ ದೃಢವಾದ ಅಭಿಪ್ರಾಯ. ವೈರ್ ಬ್ರಷ್ ಒಳ್ಳೆಯ ಲೋಹವನ್ನೂ ಕೆರೆಯುತ್ತದೆ. ಈ ವಿಧಾನ ತುಕ್ಕನ್ನು ಮಾತ್ರ ಬಿಡಿಸುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ ಎರಡು ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ; ಅಡುಗೆ ಸೋಡಾ ಬೇರೆ, ಅದನ್ನು ಬಳಸಬೇಡಿ. ಬಕೆಟ್ಟಿನ ಅಂಚಿನ ಸುತ್ತ ನಾಲ್ಕಾರು ಗುಜರಿ ಕಬ್ಬಿಣದ ಸರಳುಗಳನ್ನು ನಿಲ್ಲಿಸಿ, ಅವನ್ನೆಲ್ಲ ತಂತಿಯಿಂದ ಒಂದುಗೂಡಿಸಿ 12 ವೋಲ್ಟ್ ಬ್ಯಾಟರಿ ಚಾರ್ಜರಿನ ಕೆಂಪು ಕ್ಲಿಪ್ಪಿಗೆ ಸೇರಿಸಿ. ಶುಚಿಯಾಗಬೇಕಾದ ಭಾಗವನ್ನು ಸರಳುಗಳಿಗೆ ತಗಲದಂತೆ ನಡುವೆ ತೂಗುಹಾಕಿ ಕಪ್ಪು ಕ್ಲಿಪ್ಪಿಗೆ ಸೇರಿಸಿ. ಕ್ಲಿಪ್ಪು ಅದಲುಬದಲಾದರೆ ಸರಳುಗಳ ಬದಲು ನಿಮ್ಮ ಭಾಗವೇ ಸವೆಯುತ್ತದೆ, ಹಾಗಾಗಿ ಸ್ವಿಚ್ ಹಾಕುವ ಮುನ್ನ ಎರಡು ಬಾರಿ ನೋಡಿ. ಎರಡರಿಂದ ಐದು ಆಂಪಿಯರ್ ಹರಿದರೆ ಸಾಕು. ಭಾಗದ ಮೈಮೇಲೆಲ್ಲ ಸಣ್ಣ ಗುಳ್ಳೆಗಳೇಳಲು ಆರಂಭಿಸಿ, ಕೆಲವು ಗಂಟೆಗಳಲ್ಲಿ ನೀರಿನ ಮೇಲೆ ಕಂದುಬಣ್ಣದ ನೊರೆ ಕಟ್ಟುತ್ತದೆ.

ಆ ಗುಳ್ಳೆಗಳಲ್ಲಿರುವುದು ಹೈಡ್ರೋಜನ್. ಬಯಲಿನಲ್ಲಿ, ಬೆಂಕಿ ಬೀಡಿಗಳಿಂದ ದೂರದಲ್ಲಿ ಬಕೆಟ್ ಇಡಿ, ಕಿಡಿ ಹಾರದಂತೆ ಸ್ವಿಚ್ ಆರಿಸಿದ ಮೇಲೆಯೇ ಕ್ಲಿಪ್ ತೆಗೆಯಿರಿ. ಸರಳುಗಳ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬಳಸಬಾರದು. ಅದರಿಂದ ವಿಷಕಾರಿಯಾದ ಕ್ರೋಮಿಯಂ ಸಂಯುಕ್ತ ನೀರಿಗೆ ಸೇರುತ್ತದೆ. ಸ್ಪ್ರಿಂಗ್‌ಗಳನ್ನೂ ಹೆಚ್ಚು ಬಲದ ಬೋಲ್ಟುಗಳನ್ನೂ ಇದಕ್ಕೆ ಹಾಕಬೇಡಿ, ಹೈಡ್ರೋಜನ್ ಒಳಹೊಕ್ಕರೆ ಅವು ಪೆಡಸಾಗಿ ಮುರಿಯುತ್ತವೆ. ಅಲ್ಯೂಮಿನಿಯಂ ಮತ್ತು ಸತುವಿಗೂ ಈ ಬಕೆಟ್ ಸಲ್ಲದು.

ಮರುದಿನ ತೆಗೆದಾಗ ತುಕ್ಕಿದ್ದ ಜಾಗದಲ್ಲಿ ಕಪ್ಪು ಮಸಿಯಂತಹ ಪದರ ಕಾಣುತ್ತದೆ; ಪಾತ್ರೆ ಉಜ್ಜುವ ಸ್ಕ್ರಬ್ಬರ್‌ನಿಂದ ತಿಕ್ಕಿದರೆ ಅದು ಬಿಟ್ಟುಹೋಗಿ ಬೂದುಬಣ್ಣದ ಉಕ್ಕು ಹೊರಬರುತ್ತದೆ. ಇಲ್ಲಿ ತಡಮಾಡುವಂತಿಲ್ಲ. ಬರಿಯ ಉಕ್ಕು ಮಂಗಳೂರಿನ ಮಳೆಗಾಲದ ಗಾಳಿಯಲ್ಲಿ ನೋಡನೋಡುತ್ತಲೇ ಕೆಂಪಗಾಗುತ್ತದೆ. ಕುದಿಯುವ ನೀರು ಸುರಿದು, ಒರೆಸಿ, ಬಿಸಿಗಾಳಿಯಲ್ಲಿ ಒಣಗಿಸಿ ಅಂದೇ ಪ್ರೈಮರ್ ಹೊಡೆಯಿರಿ. ಶೌಚಾಲಯ ತೊಳೆಯುವ ಆಸಿಡ್ಡಿನಿಂದ ತುಕ್ಕು ಬೇಗ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಹೋಗುವುದು ನಿಜ, ಆದರೆ ಅದರ ಹೊಗೆ ಅದೇ ಕೋಣೆಯಲ್ಲಿರುವ ಸ್ಪ್ಯಾನರುಗಳಿಗೆಲ್ಲ ತುಕ್ಕು ಹಿಡಿಸುತ್ತದೆ, ಉಸಿರಿಗೂ ಕೆಟ್ಟದ್ದು.

ಬಂಪರಿನ ಉಕ್ಕಿನ ಮೇಲೆ ನಿಕ್ಕಲ್ ಲೇಪವಿದ್ದು, ಅದರ ಮೇಲಿನ ಕ್ರೋಮ್ ಅತ್ಯಂತ ತೆಳುವಾದದ್ದು. ಆದ್ದರಿಂದ ಅದಕ್ಕೆ ವೈರ್ ಬ್ರಷ್ಷಾಗಲಿ ಒರಟು ಎಮರಿಯಾಗಲಿ ತಾಗಕೂಡದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ಲನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿದರೆ ತುಕ್ಕಿನ ಚುಕ್ಕೆಗಳು ಮಾಯವಾಗುತ್ತವೆ. ಉಜ್ಜಿದ ಮೇಲೆ ಹಳದಿ ಛಾಯೆ ಕಂಡರೆ ಅಲ್ಲಿ ಕ್ರೋಮ್ ಸವೆದು ನಿಕ್ಕಲ್ ಕಾಣುತ್ತಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ. ಸೂಜಿಮೊನೆಯಷ್ಟು ಗುಳಿಗಳಿದ್ದರೆ ಮರುಲೇಪನಕ್ಕೆ ಕೊಡದೆ ಹಾಗೆಯೇ ಉಳಿಸಿಕೊಳ್ಳುವುದೇ ಸರಿಯೆಂದು ನನಗೆ ಅನಿಸುತ್ತದೆ. ಕೊಡಲೇಬೇಕಾದರೆ, ಪಾಲಿಶ್ ಮಾಡುವಾಗ ಅಂಚುಗಳನ್ನು ಮೊಂಡಾಗಿಸಬಾರದೆಂದು ಮುಂಚಿತವಾಗಿ ಹೇಳಿ.

ಹಿತ್ತಾಳೆಗೆ ನಮ್ಮ ಮನೆಗಳ ಹುಣಸೆಹಣ್ಣೇ ಸಾಕು. ನೆನೆಸಿದ ಹುಣಸೆಯನ್ನು ಸವರಿ, ಐದು ನಿಮಿಷದಲ್ಲಿ ತೊಳೆದುಬಿಡಿ. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಮೈಯ ಸತು ಕರಗಿ ತಾಮ್ರದ ಕೆಂಪು ಉಳಿಯುತ್ತದೆ. ಪೆಟ್ರೋಲ್ ಹಾಯುವ ಸಣ್ಣ ರಂಧ್ರವಿರುವ ಹಿತ್ತಾಳೆಯ ತುಂಡಾದ ಕಾರ್ಬುರೇಟರಿನ ಜೆಟ್‌ಗೆ ಮಾತ್ರ ಹುಣಸೆಯೂ ಬೇಡ, ತಂತಿಯೂ ಬೇಡ. ಆ ರಂಧ್ರದ ಅಳತೆ ಕೂದಲೆಳೆಯಷ್ಟು ಹೆಚ್ಚಾದರೂ ಪೆಟ್ರೋಲಿನ ಪ್ರಮಾಣ ಬದಲಾಗುತ್ತದೆ. ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆದರಾಯಿತು.

ಬಂಪರಿನ ತುಕ್ಕು ಹೆಚ್ಚಾಗಿ ಆರಂಭವಾಗುವುದು ಕೆಸರು ಕೂರುವ ಹಿಂಬದಿಯಲ್ಲಿ. ಮರಳಿ ಜೋಡಿಸುವ ಮೊದಲು ಅಲ್ಲಿಗೆ ಪ್ರೈಮರ್ ಮತ್ತು ಬಣ್ಣ ಕೊಟ್ಟು, ಮುಂಬದಿಗೆ ವ್ಯಾಕ್ಸ್ ಹಚ್ಚಿ, ಬೋಲ್ಟಿನ ಥ್ರೆಡ್‌ಗೆ ಗ್ರೀಸ್ ಸವರಿ ಬಿಗಿಯಿರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಟಾರ್ಚ್ ಹಿಡಿದು ಆ ಹಿಂಬದಿಯನ್ನು ನೋಡಿ.