ಹಳಿ ದಾಟುವ ಕಾಲುದಾರಿಯನ್ನು ಬೇರೆ ಕಡೆ ತಿರುಗಿಸಿದ್ದು: ನನ್ನ ಅನುಭವ

ಇಂಗ್ಲೆಂಡಿನ ಒಂದು ಕೌಂಟಿ ಕೌನ್ಸಿಲ್‌ನಲ್ಲಿ ಸಾರ್ವಜನಿಕ ಕಾಲುದಾರಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಕಾಲುದಾರಿ ಅಂದ್ರೆ ಸುಮ್ನೆ ಜನ ಓಡಾಡಿ ಸವೆದ ಜಾಗ ಅಲ್ಲ, ಅದು ಕಾನೂನಿನ ಹಕ್ಕು. ಹೊಲ ಯಾರದ್ದೇ ಇರಲಿ, ಡೆಫಿನಿಟಿವ್ ಮ್ಯಾಪ್ ಅನ್ನೋ ಅಧಿಕೃತ ಕಾಲುದಾರಿ ನಕ್ಷೆಯಲ್ಲಿ ಗೆರೆ ಇದ್ದರೆ ನಡೆದು ಹೋಗಬಹುದು. ಗೆರೆ ರೈಲು ಹಳಿಯ ಮೇಲೆ ಹಾದು ಹೋದರೂ ಅಷ್ಟೇ. ಇಂಥ ಕಡೆ ಕಾವಲುಗಾರ ಇರುವುದಿಲ್ಲ. ಒಂದು ಚಿಕ್ಕ ಗೇಟು, ನಿಂತು ನೋಡಿ ದಾಟಿ ಅನ್ನುವ ಬೋರ್ಡು, ಮುಗೀತು.

ಅಂಥದ್ದೊಂದು ಕ್ರಾಸಿಂಗ್ ಮುಚ್ಚಿಕೊಡಿ ಅಂತ ರೈಲ್ವೆಯವರು ನಮಗೆ ಅರ್ಜಿ ಹಾಕಿದ್ದರು. 1980ರ ಹೈವೇಸ್ ಆಕ್ಟ್‌ನ 118ಎ ಕಲಂ ದಾರಿಯನ್ನೇ ರದ್ದು ಮಾಡುತ್ತದೆ, 119ಎ ಬೇರೆ ಕಡೆ ತಿರುಗಿಸುತ್ತದೆ. ನಾವು ಹಿಡಿದದ್ದು ಎರಡನೆಯದನ್ನು.

ಮೊದಲು ಲೆಕ್ಕ. ಎರಡು ಹಳಿ ಇರುವ ಕಡೆ ಈ ಬದಿಯಿಂದ ಆ ಬದಿಗೆ ಸುಮಾರು 9 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡಿಗೆಯಲ್ಲಿ ಏಳೆಂಟು ಸೆಕೆಂಡು ಬೇಕು. ವಯಸ್ಸಾದವರು, ಮಕ್ಕಳು ಜಾಸ್ತಿ ಬರುವ ದಾರಿಯಾದರೆ ಅದರ ಅರ್ಧದಷ್ಟು ಇನ್ನೂ ಸೇರಿಸಬೇಕು, ಅಂದರೆ ಸುಮಾರು ಹನ್ನೊಂದು ಸೆಕೆಂಡು. ಗಂಟೆಗೆ 100 ಮೈಲಿ ವೇಗದ ರೈಲು ಅಷ್ಟರಲ್ಲಿ ಅರ್ಧ ಕಿಲೋಮೀಟರ್ ಬಂದಿರುತ್ತದೆ. ನಮ್ಮ ಕ್ರಾಸಿಂಗ್‌ನಲ್ಲಿ ಒಂದು ಕಡೆ ತಿರುವು, ಅಷ್ಟು ದೂರ ಕಾಣುವುದೇ ಇಲ್ಲ. ರೈಲು ಸೀಟಿ ಹಾಕುತ್ತೆ, ನಿಜ, ಆದರೆ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಅದೂ ಇಲ್ಲ.

‘ಇಲ್ಲಿ ಇದುವರೆಗೆ ಯಾರೂ ಸತ್ತಿಲ್ವಲ್ಲ’ ಅಂತ ಊರಿನವರು ಕೇಳಿದರು. 2005ರ ಡಿಸೆಂಬರಿನಲ್ಲಿ ಎಸೆಕ್ಸ್‌ನ ಎಲ್ಸೆನ್‌ಹ್ಯಾಮ್ ಸ್ಟೇಷನ್ನಿನ ಕ್ರಾಸಿಂಗ್‌ನಲ್ಲಿ ಒಂದು ರೈಲು ಹೋದ ಮೇಲೆ ದಾಟಲು ಹೊರಟ ಇಬ್ಬರು ಹುಡುಗಿಯರಿಗೆ ಎದುರು ದಿಕ್ಕಿನ ಇನ್ನೊಂದು ರೈಲು ಬಡಿದು ಇಬ್ಬರೂ ತೀರಿಕೊಂಡರು. ಎರಡು ಹಳಿ ಇರುವ ಕಡೆಯ ದೊಡ್ಡ ಅಪಾಯ ಇದೇ. ಹಾಗಂತ ರೈಲ್ವೆ ಕೇಳಿದ ತಕ್ಷಣ ಮುಚ್ಚುವ ಹಾಗಿಲ್ಲ. ಕ್ರಾಸಿಂಗನ್ನೇ ಸುರಕ್ಷಿತ ಮಾಡೋಕೆ ಆಗುತ್ತಾ ಅಂತ ಕೌನ್ಸಿಲ್ ಯೋಚಿಸಲೇಬೇಕು ಅನ್ನುತ್ತದೆ ಕಾನೂನು. ಗಿಡ ಕಡಿಯುವುದು, ಕೆಂಪು ಹಸಿರು ದೀಪ, ಮೇಲ್ಸೇತುವೆ, ಎಲ್ಲದಕ್ಕೂ ರೈಲ್ವೆಯವರಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡೆವು.

ನಿಜವಾದ ಜಗಳ ಶುರುವಾಗಿದ್ದು ಹೊಸ ದಾರಿ ಎಲ್ಲಿ ಅನ್ನುವಲ್ಲಿ. ರೈಲ್ವೆಯವರ ಮೊದಲ ನಕ್ಷೆ ಜನರನ್ನು ಹಳ್ಳಿ ರಸ್ತೆಗಿಳಿಸಿ ಹತ್ತಿರದ ಸೇತುವೆ ತನಕ ನಡೆಸುತ್ತಿತ್ತು. ಫುಟ್‌ಪಾತ್ ಇಲ್ಲ, ಎರಡೂ ಕಡೆ ಎತ್ತರದ ಬೇಲಿ, ಕಾರುಗಳಿಗೆ 60 ಮೈಲಿ ಮಿತಿ. ಹಳಿಯ ಮೇಲಿನ ಕೆಲವೇ ಸೆಕೆಂಡಿನ ಅಪಾಯ ತಪ್ಪಿಸಿ ರಸ್ತೆಯಲ್ಲಿ ಹತ್ತು ನಿಮಿಷದ ಅಪಾಯ ಕೊಟ್ಟರೆ ಅದನ್ನು ಸುರಕ್ಷತೆ ಅಂತ ನಾನಂತೂ ಕರೆಯಲ್ಲ. ಕಾಗದದ ಮೇಲೆ ಇದು ಕಾಣುವುದಿಲ್ಲ, ಯಾಕಂದ್ರೆ ರೈಲ್ವೆಯವರ ಅಪಾಯದ ಲೆಕ್ಕ ಅವರ ಬೇಲಿಯ ಹತ್ತಿರವೇ ನಿಂತುಬಿಡುತ್ತದೆ. ದೂರ ಜಾಸ್ತಿಯಾಯಿತು ಅಂತ ವಾಕಿಂಗ್ ಮಾಡುವವರು ಅಷ್ಟೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ರಸ್ತೆ ಅಂದ್ರೆ ಮಾತ್ರ ಸಿಟ್ಟು ಬರುತ್ತೆ, ಬರಬೇಕಾದ್ದೇ ಅಲ್ವಾ?

ಹಾಗಾಗಿ ರೈತರ ಹತ್ತಿರ ಹೋದೆ. ರಸ್ತೆ ಬೇಲಿಯ ಒಳಗಡೆ, ಹೊಲದ ಅಂಚಿನಲ್ಲಿ 2 ಮೀಟರ್ ಅಗಲದ ಪಟ್ಟಿ ಬೇಕಿತ್ತು. ಮೊದಲು ಒಪ್ಪಲಿಲ್ಲ. ಆದರೆ ಹಳೇ ದಾರಿ ಅವರ ಹೊಲದ ನಡುವೆ ಹೋಗುತ್ತಿತ್ತು. ನಡುವಿನ ದಾರಿಯನ್ನು ಉಳುಮೆ ಮಾಡಿದರೆ, ಬಿತ್ತನೆಯ ಕೆಲಸಕ್ಕೆ ಸಿಗುವುದು 14 ದಿನ, ಅಷ್ಟರಲ್ಲಿ ಮತ್ತೆ ನಡೆಯುವ ಹಾಗೆ ಸರಿಮಾಡಿ ಕೊಡಬೇಕು. ಅಂಚಿನ ದಾರಿಯನ್ನು ಉಳುವ ಹಾಗೇ ಇಲ್ಲ, ಆದರೆ ನಡುವಿನ ಹೊಲ ಪೂರ್ತಿ ಅವರ ಕೈಗೆ ಸಿಗುತ್ತೆ. ಇದನ್ನು ಹೊಲದಲ್ಲೇ ನಿಂತು ತೋರಿಸಿದ ಮೇಲೆ ಮಾತು ಮುಂದುವರೆಯಿತು.

ಆಮೇಲಿನದ್ದು ಕಾಗದದ ಕೆಲಸ. ದಾರಿಯ ಎರಡೂ ತುದಿಯಲ್ಲಿ ಮತ್ತು ಸ್ಥಳೀಯ ಪತ್ರಿಕೆಯಲ್ಲಿ ನೋಟಿಸ್, ಆಕ್ಷೇಪಣೆಗೆ 28 ದಿನ. ಯಾರಾದರೂ ಆಕ್ಷೇಪಿಸಿ ವಾಪಸ್ ತೆಗೆದುಕೊಳ್ಳದಿದ್ದರೆ ವಿಷಯ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್ ಅನ್ನೋ, ಇಂಥ ತಕರಾರು ತೀರ್ಮಾನಿಸುವ ಸರ್ಕಾರಿ ಸಂಸ್ಥೆಗೆ ಹೋಗುತ್ತದೆ. ನಮಗೆ ಒಂದು ಆಕ್ಷೇಪಣೆ ಬಂತು, ಅದೂ ರಸ್ತೆಯ ಬಗ್ಗೆಯೇ. ಅವರನ್ನು ಹೊಸ ದಾರಿಯಲ್ಲಿ ಜೊತೆಗೆ ನಡೆಸಿದೆ, ವಾಪಸ್ ತೆಗೆದುಕೊಂಡರು.

ಈ ಕೆಲಸ ಮಾಡುವವರಿಗೆ ಒಂದು ಮಾತು: ಹೊಸ ದಾರಿಯ ಗೇಟು, ಕಂಬ, ಜಲ್ಲಿ ಎಲ್ಲ ಮುಗಿಯುವ ತನಕ ಹಳೇ ಕ್ರಾಸಿಂಗ್‌ಗೆ ಬೇಲಿ ಹಾಕೋಕೆ ಬಿಡಬೇಡಿ. ಬೇಲಿ ಬಿದ್ದ ಮೇಲೆ ಜಲ್ಲಿ ಹಾಕಿಸೋಕೆ ಫೋನ್ ಮಾಡಿದರೆ ಯಾರೂ ಎತ್ತಲ್ಲ.