ಸೇಲಂ ನಾಟಕಕ್ಕೆ ಹಾರ್ಮೋನಿಯಂ ಬೇಡವಾದದ್ದು

ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ನಾಟಕವನ್ನು ನಮ್ಮ ಹವ್ಯಾಸಿ ತಂಡಕ್ಕೆ ಕನ್ನಡದಲ್ಲಿ ಆಡಿಸಲು ಹೊರಟ ದಿನವೇ ಎಡವಿದೆ. ಅಮೆರಿಕದ ಸೇಲಂ ಎಂಬ ಪ್ಯೂರಿಟನ್ ಊರಿನಲ್ಲಿ 1692ರಲ್ಲಿ ಮಾಟ ಮಾಡಿದರೆಂದು ಜನರನ್ನು ಗಲ್ಲಿಗೇರಿಸಿದ ಕಥೆ ಅದು. ‘ಪ್ಯೂರಿಟನ್ನರು ಎಂದರೆ ಯಾರು ಸಾರ್?’ ಎಂದು ನಟರು ಕೇಳಿದರು. ‘ಮಡಿವಂತರು ಎಂದುಕೊಳ್ಳಿ’ ಎಂದುಬಿಟ್ಟೆ. ಮರುದಿನದ ತಾಲೀಮಿನಲ್ಲಿ ಇಡೀ ಸೇಲಂ ಊರು ಮೂಗು ಮುರಿಯುತ್ತ, ಮೈ ಮುದುಡಿಕೊಂಡು, ಒಬ್ಬರಿಗೊಬ್ಬರು ಸೋಕದಂತೆ ಓಡಾಡತೊಡಗಿತು. ಪಾದ್ರಿಯ ಪಾತ್ರಧಾರಿಯಂತೂ ಪಂಚೆ ಎತ್ತಿ ನಡೆಯುವ ಹಾಗೆ ನಿಲುವಂಗಿ ಎತ್ತಿ ನಡೆದರು.

ಆ ಒಂದು ಮಾತನ್ನು ಅವರ ಮೈಯಿಂದ ಬಿಡಿಸಲು ಎರಡು ವಾರ ಹಿಡಿಯಿತು. ಪ್ಯೂರಿಟನ್ನರು ಶುದ್ಧ ಮಾಡಹೊರಟದ್ದು ಮೈಯನ್ನಲ್ಲ, ಚರ್ಚನ್ನು. ಪೋಪನ ಹಿಡಿತದಿಂದ ಬಿಡಿಸಿಕೊಂಡ ಮೇಲೂ ಇಂಗ್ಲೆಂಡಿನ ಚರ್ಚು ಹಳೆಯ ಆಡಂಬರವನ್ನು ಬಿಟ್ಟಿಲ್ಲ ಎಂಬುದು ಅವರ ತಕರಾರು. ಬೈಬಲಿನಲ್ಲಿ ಅಪ್ಪಣೆ ಇಲ್ಲದ್ದು ಆರಾಧನೆಯಲ್ಲಿ ಇರಕೂಡದು. ಅವರು ಅಮೆರಿಕಕ್ಕೆ ಹೋಗಿ ಕಟ್ಟಿದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದವರಿಗೇ ಐದು ಶಿಲ್ಲಿಂಗ್ ದಂಡವಿತ್ತು ಎಂದಾಗ ನಮ್ಮವರು ನಂಬಲಿಲ್ಲ.

ಇಷ್ಟು ತಿಳಿದದ್ದೇ ರಂಗಸಜ್ಜಿಕೆ ತಲೆಕೆಳಗಾಯಿತು. ಹುಡುಗರು ರಾತ್ರಿಯಿಡೀ ಕೂತು ಥರ್ಮೊಕೋಲಿನಲ್ಲಿ ಐದಡಿಯ ಶಿಲುಬೆ ಕೊರೆದು ತಂದಿದ್ದರು. ನೋಡಲು ಚೆನ್ನಾಗಿಯೇ ಇತ್ತು, ತೆಗೆಸಿದೆ. ಅವರ ಪ್ರಾರ್ಥನಾಮಂದಿರದಲ್ಲಿ ಶಿಲುಬೆಯಿಲ್ಲ, ಮೂರ್ತಿಯಿಲ್ಲ, ಬಣ್ಣದ ಗಾಜಿಲ್ಲ. ಮರದ ಬೆಂಚುಗಳು, ಪ್ರವಚನದ ಪೀಠ, ಅಷ್ಟೆ. ನೇಪಥ್ಯದ ಕೀರ್ತನೆಗೆಂದು ಬಂದಿದ್ದ ಹಾರ್ಮೋನಿಯಂನವರಿಗೂ ಕೈಮುಗಿದೆ, ಏಕೆಂದರೆ ಆರಾಧನೆಯಲ್ಲಿ ವಾದ್ಯ ಸಲ್ಲದು. ಒಬ್ಬರು ಸಾಲು ಹೇಳಿಕೊಡುತ್ತಾರೆ, ಉಳಿದವರು ಅದನ್ನು ಹಾಡುತ್ತಾರೆ. ಭಜನೆಯಲ್ಲಿ ಬೆಳೆದ ನಮ್ಮವರಿಗೆ ಇದನ್ನು ಕಲಿಸಬೇಕಾಗಲಿಲ್ಲ. ತಾಳ ಹಾಕುವ ಕೈಗಳನ್ನು ಸುಮ್ಮನಿರಿಸುವುದೇ ಕಷ್ಟವಾಯಿತು. ಬಟ್ಟೆಯ ವಿಷಯದಲ್ಲಿಯೂ ಎಲ್ಲರೂ ಕರಿನಿಲುವಂಗಿ ಬಯಸಿದ್ದರು. ಗಾಢ ಕಪ್ಪು ಆಗ ದುಬಾರಿ ಬಣ್ಣ. ರೈತಾಪಿ ಪಾತ್ರಗಳಿಗೆ ಕಂದು, ಬೂದು, ತುಕ್ಕಿನ ಬಣ್ಣ ಕೊಟ್ಟೆ.

ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ನಿಜವಾದ ತೊಡಕು ಇದ್ದದ್ದು ನಂಬಿಕೆಯಲ್ಲಿ. ಯಾರಿಗೆ ಮೋಕ್ಷ, ಯಾರಿಗೆ ನರಕ ಎಂಬುದನ್ನು ದೇವರು ಮೊದಲೇ ತೀರ್ಮಾನಿಸಿದ್ದಾನೆ; ಒಳ್ಳೆಯ ಕೆಲಸದಿಂದ ಅದನ್ನು ಬದಲಿಸಲಾಗದು; ತನ್ನ ಹೆಸರು ಯಾವ ಪಟ್ಟಿಯಲ್ಲಿದೆಯೋ ಖಚಿತವಾಗಿ ಗೊತ್ತಾಗದು. ಹಾಗಾಗಿ ದಿನವೂ ತನ್ನೊಳಗೆ ಕುರುಹು ಹುಡುಕಬೇಕು. ಊರೆಂದರೆ ದೇವರೊಂದಿಗೆ ಒಟ್ಟಾಗಿ ಮಾಡಿಕೊಂಡ ಒಡಂಬಡಿಕೆ. ಒಬ್ಬನ ಪಾಪಕ್ಕೆ ಎಲ್ಲರೂ ತೆರಬೇಕು. ನೆರೆಮನೆಯ ಮೇಲೆ ಕಣ್ಣಿಡುವುದು ಅಲ್ಲಿ ಚಾಡಿಯಲ್ಲ, ಕರ್ತವ್ಯ. ಇದರ ಮೇಲೆ ಉತ್ತರದ ಗಡಿಯ ಯುದ್ಧದಿಂದ ಓಡಿಬಂದ ನಿರಾಶ್ರಿತರು, ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್‌ಗೆ ಸಂಬಳ, ಸೌದೆ ಕೊಡುವುದರ ಜಗಳ. 1692ರ ಚಳಿಗಾಲದಲ್ಲಿ ಅವನ ಒಂಬತ್ತು ವರ್ಷದ ಮಗಳೂ ಅದೇ ಮನೆಯಲ್ಲಿದ್ದ ಹನ್ನೊಂದರ ಅಬಿಗೇಲ್ ವಿಲಿಯಮ್ಸಳೂ ವಿಚಿತ್ರವಾಗಿ ನರಳತೊಡಗಿದಾಗ ಊರು ಮೊದಲೇ ಬೆದರಿತ್ತು. ಅದನ್ನು ಮಾಟವೆಂದೇ ನಂಬಿತು. ಮಿಲ್ಲರ್ ತಮ್ಮ ಕಥೆಗಾಗಿ ಅಬಿಗೇಲಳನ್ನು ಹದಿನೇಳಕ್ಕೆ ಏರಿಸಿದ್ದಾರೆ. ನನಗೆ ಆ ಹನ್ನೊಂದೇ ಹೆಚ್ಚು ದಿಗಿಲು ಹುಟ್ಟಿಸುತ್ತದೆ.

ನಾಟಕದ ನಾಯಕ ಪ್ರಾಕ್ಟರ್ ಪಾತ್ರದ ಹುಡುಗ ಒಂದು ಸಂಜೆ ಕೇಳಿದ: ‘ಮಾಟ ಮಾಡಿದ್ದೆ ಎಂದು ಒಪ್ಪಿಕೊಂಡವರನ್ನು ಗಲ್ಲಿಗೆ ಹಾಕುತ್ತಿರಲಿಲ್ಲ ಎನ್ನುತ್ತೀರಿ. ಹೌದು ಎಂದು ಒಂದು ಸುಳ್ಳು ಹೇಳಿ ಮನೆಗೆ ಹೋಗಬಹುದಿತ್ತಲ್ಲ, ಸಾರ್?’ ಚಹಾ ಕುಡಿಯುವಷ್ಟರಲ್ಲಿ ಅವನೇ ಮೂರು ಸಲ ದೇವರಾಣೆ ಹಾಕಿದ್ದ. ಅದನ್ನು ಎಣಿಸಿ ತೋರಿಸಿದೆ. ಅಲ್ಲಿ ಗಲ್ಲಿಗೇರಿದ ಹತ್ತೊಂಬತ್ತು ಮಂದಿಯ ಮುಂದಿದ್ದ ಆಯ್ಕೆ ಜೀವ ಮತ್ತು ಮರ್ಯಾದೆಯ ನಡುವಿನದಲ್ಲ. ದೇವರ ಎದುರು ಸುಳ್ಳು ಹೇಳಿ ಉಳಿಸಿಕೊಂಡ ಜೀವ ನೇರವಾಗಿ ನರಕಕ್ಕೆ ಎಂಬುದು ಅವರಿಗೆ ನಾಳೆಯ ಬೆಳಗಿನಷ್ಟೇ ನಿಜ. ಅಂದಿನಿಂದ ಅವನು ಕೊನೆಯ ಅಂಕದಲ್ಲಿ ಕಿರುಚುವುದನ್ನು ಬಿಟ್ಟ.

ಗಲ್ಲಿಗೇರಿದವರಲ್ಲಿ ಒಬ್ಬಳಾದ ರೆಬೆಕಾ ನರ್ಸ್‌ಗೆ ಆಗ 71. ಪಂಚರು ಮೊದಲು ನಿರಪರಾಧಿ ಎಂದರು. ಮತ್ತೆ ಯೋಚಿಸಿ ಎಂದು ನ್ಯಾಯಾಧೀಶರು ಒತ್ತಾಯಿಸಿದರು. ಕಿವಿ ಮಂದವಾಗಿದ್ದ ಮುದುಕಿ ಒಂದು ಪ್ರಶ್ನೆಗೆ ಉತ್ತರಿಸದೆ ನಿಂತದ್ದೇ ಅವಳಿಗೆ ಮುಳುವಾಯಿತು. ಗಲ್ಲಿಗೆ ಮುಂಚೆ ಅವಳನ್ನು ಚರ್ಚಿನಿಂದ ಬಹಿಷ್ಕರಿಸಿದರು. ಆ ಘಟನೆ ನಾಟಕದಲ್ಲಿಲ್ಲ. ತಾಲೀಮಿಗಾಗಿ ಮಾಡಿಸಿ ನೋಡಿದೆ. ಎಲ್ಲರೂ ಬೆಂಚಿನ ಮೇಲೆ, ಪಾತ್ರ ವಹಿಸಿದ್ದ ನಿವೃತ್ತ ಶಿಕ್ಷಕಿ ಒಬ್ಬರೇ ನಿಂತು. ಅಳುತ್ತಾರೆಂದುಕೊಂಡಿದ್ದೆ. ಅವರು ಶಾಲು ಸರಿಮಾಡಿಕೊಂಡು ಬೆಂಚನ್ನೇ ನೋಡುತ್ತ, ‘ನನ್ನ ಜಾಗದಲ್ಲಿ ಇನ್ನು ಯಾರು ಕೂರುತ್ತಾರೆ?’ ಎಂದರು.

ಆ ಮಾತನ್ನು ನಾಟಕಕ್ಕೆ ಸೇರಿಸಲಿಲ್ಲ. ನ್ಯಾಯಾಲಯದ ಅಂಕದಲ್ಲಿ ಬೆಂಚಿನ ಆ ತುದಿಯನ್ನು ಮಾತ್ರ ಖಾಲಿ ಬಿಟ್ಟೆವು. ಎರಡನೆಯ ಪ್ರಯೋಗಕ್ಕೆ ಸೇರಿದ ಹೊಸ ಹುಡುಗಿಯೊಬ್ಬಳು ತಿಳಿಯದೆ ಅಲ್ಲಿ ಕುಳಿತಳು. ಪಕ್ಕದಲ್ಲಿದ್ದಾಕೆ ರಂಗದ ಮೇಲೆಯೇ, ಪ್ರೇಕ್ಷಕರ ಎದುರಿಗೇ, ಅವಳ ತೋಳು ಹಿಡಿದು ಎಬ್ಬಿಸಿದರು.