ಮಲ್ಟಿಬ್ಯಾಂಡ್ ಪ್ಲಗಿನ್ ಆರಿಸುವ ಮುಂಚೆ ನಾನು ಮಾಡುವ ಪರೀಕ್ಷೆ

ಮಲ್ಟಿಬ್ಯಾಂಡ್ ಕಂಪ್ರೆಸರ್ ಅಂದರೆ ಸದ್ದನ್ನು ಕೆಳಗಿನ, ಮೇಲಿನ ಆವರ್ತನಗಳ ಬ್ಯಾಂಡ್‌ಗಳಾಗಿ ಹೋಳು ಮಾಡಿ, ಒಂದೊಂದರಲ್ಲೂ ಜೋರಾದದ್ದನ್ನು ಬೇರೆಬೇರೆಯಾಗಿ ಇಳಿಸುವ ಪ್ಲಗಿನ್. ಇವನ್ನು ಹೋಲಿಸುವಾಗ ಸಾಮಾನ್ಯವಾಗಿ ಎಷ್ಟು ಬ್ಯಾಂಡ್ ಇದೆ ಅಂತ ನೋಡುತ್ತಾರೆ. ನಾನು ಮೊದಲು ನೋಡುವುದು ಬೇರೆ. ಏನೂ ಕಂಪ್ರೆಸ್ ಮಾಡದೆ ಸುಮ್ನೆ ಕೂತಿದ್ದಾಗಲೂ ಪ್ಲಗಿನ್ ಸದ್ದನ್ನು ಮುಟ್ಟುತ್ತದಾ?

ಪರೀಕ್ಷೆ ಸುಲಭ. ಒಂದೇ ಟ್ರ್ಯಾಕಿನ ಎರಡು ಕಾಪಿ ಇಟ್ಟು, ಒಂದರ ಪೊಲಾರಿಟಿ ತಿರುಗಿಸುತ್ತೇನೆ, ಅಂದರೆ ಅಲೆಯನ್ನು ತಲೆಕೆಳಗು ಮಾಡುತ್ತೇನೆ. ಎರಡೂ ಸೇರಿದರೆ ಪೂರ್ತಿ ಮೌನ. ಈಗ ಒಂದರ ಮೇಲೆ ಪ್ಲಗಿನ್ ಹಾಕಿ, ಏನೂ ಕಂಪ್ರೆಸ್ ಆಗದ ಹಾಗೆ ಥ್ರೆಶೋಲ್ಡ್‌ಗಳನ್ನೆಲ್ಲ (ಕಂಪ್ರೆಷನ್ ಶುರುವಾಗುವ ಮಟ್ಟ) ಮೇಲಕ್ಕೆ ಎತ್ತಿಡುತ್ತೇನೆ. ಆಗಲೂ ಏನೋ ಕೇಳಿಸಿದರೆ ಅದು ಹೆಚ್ಚಾಗಿ ಕ್ರಾಸೋವರ್‌ನ, ಅಂದರೆ ಸದ್ದನ್ನು ಬ್ಯಾಂಡ್‌ಗಳಾಗಿ ಬೇರ್ಪಡಿಸುವ ಫಿಲ್ಟರ್‌ನ, ಕೆಲಸ. ಲಿಂಕ್ವಿಟ್ಸ್-ರೈಲಿ ಥರದ ಕ್ರಾಸೋವರ್ ಸದ್ದನ್ನು ಹೋಳು ಮಾಡಿ ಮತ್ತೆ ಕೂಡಿಸಿದಾಗ ಲೆವೆಲ್ ಸಮವಾಗಿಯೇ ಇರುತ್ತದೆ, ಆದರೆ ಫೇಸ್, ಅಂದರೆ ಅಲೆಗಳು ಏರಿಳಿಯುವ ಸಮಯ, ತಿರುಗುತ್ತದೆ. ಒಂಟಿ ಟ್ರ್ಯಾಕಿನಲ್ಲಿ ಇದು ಕಿವಿಗೆ ಗೊತ್ತಾಗುವುದೇ ಕಷ್ಟ. ಹಲವು ಮೈಕ್ ಇಟ್ಟ ಡ್ರಮ್ಸ್‌ನಲ್ಲಿ ಸ್ನೇರ್ ಒಂದಕ್ಕೇ ಹಾಕಿ ನೋಡಿ, ಓವರ್‌ಹೆಡ್ (ಡ್ರಮ್ಸ್ ಮೇಲಿನ ಮೈಕ್) ಜೊತೆ ಸೇರುವಾಗ ಅದರ ಮೈ ತೆಳ್ಳಗಾಗಬಹುದು. ಪ್ಯಾರಲಲ್ ಆಗಿ, ಅಂದರೆ ಮೂಲ ಸದ್ದಿನ ಜೊತೆ, ಬೆರೆಸಿದಾಗಲೂ ಇದೇ ಕಥೆ. ಲೀನಿಯರ್ ಫೇಸ್ ಮೋಡ್ ಇದನ್ನು ತಪ್ಪಿಸುತ್ತದೆ. ಆದರೆ ಲೇಟೆನ್ಸಿ (ಸದ್ದು ತಡವಾಗುವುದು) ಜಾಸ್ತಿ, ಜೊತೆಗೆ ಕಿಕ್‌ನ ಏಟಿಗೆ ಮುಂಚೆಯೇ ಒಂದು ಮಸುಕು ಸದ್ದು ಬರಬಹುದು.

ಈ ಕಾರಣಕ್ಕೇ ಗಾಯನಕ್ಕೆ ನನ್ನ ಮೊದಲ ಆಯ್ಕೆ ಫ್ಯಾಬ್‌ಫಿಲ್ಟರ್ ಪ್ರೊ-ಎಂಬಿ. ಅದರ ಡೈನಮಿಕ್ ಫೇಸ್ ಮೋಡಿನಲ್ಲಿ ಗೇನ್ (ಲೆವೆಲ್) ಬದಲಾದಾಗ ಮಾತ್ರ ಫೇಸ್ ಬದಲಾಗುತ್ತದೆ. ಬೇಕಾದ ಕಡೆ ಒಂದೇ ಬ್ಯಾಂಡ್ ಇಟ್ಟು ಉಳಿದದ್ದನ್ನು ಹಾಗೇ ಬಿಡಬಹುದು. ಹಾಡುವವರು ಮೈಕಿಗೆ ಹತ್ತಿರ ಬಂದಾಗ 150ರಿಂದ 350 ಹರ್ಟ್ಜ್ ಉಬ್ಬುತ್ತದೆ, ಅಲ್ವಾ? ಅಲ್ಲಿ ಒಂದು ಬ್ಯಾಂಡ್, ಹೆಚ್ಚೆಂದರೆ 4 ಡೆಸಿಬೆಲ್ ಇಳಿತ, ಅಟ್ಯಾಕ್ (ಇಳಿಸಲು ತೆಗೆದುಕೊಳ್ಳುವ ಸಮಯ) 15 ಮಿಲಿಸೆಕೆಂಡ್ ಆಸುಪಾಸು. ದೂರ ಸರಿದಾಗ ಧ್ವನಿಯ ಬಿಸುಪು ಹಾಗೇ ಉಳಿಯುತ್ತದೆ. ಸಾಮಾನ್ಯ ಇಕ್ಯೂನಲ್ಲಿ (ಈಕ್ವಲೈಸರ್) ಕತ್ತರಿಸಿದ್ದರೆ ಆ ಬಿಸುಪೂ ಹೋಗುತ್ತಿತ್ತು. ದುಡ್ಡು ಹಾಕದೆ ಇದೇ ಕೆಲಸ ಆಗಬೇಕೆಂದರೆ ಟಿಡಿಆರ್ ನೋವಾ ಸಾಕು. ಅದು ಡೈನಮಿಕ್ ಇಕ್ಯೂ, ಅಂದರೆ ಸದ್ದಿನ ಜೋರಿಗೆ ತಕ್ಕಂತೆ ಕತ್ತರಿಸುವ ಇಕ್ಯೂ. ಉಚಿತ ಆವೃತ್ತಿಯಲ್ಲೇ ನಾಲ್ಕು ಬ್ಯಾಂಡ್ ಇದೆ.

ಬೇಸ್ ಗಿಟಾರಿಗೆ ಮಾತ್ರ ಕ್ರಾಸೋವರ್ ಇರುವ ಹಳೇ ಶೈಲಿಯೇ ನನಗಿಷ್ಟ. ರೀಪರ್ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆ ಬರುವ ರಿಯಾಎಕ್ಸ್‌ಕಾಂಪ್ ಚೆನ್ನಾಗಿ ಹೊಂದುತ್ತದೆ. ಕೆಳಗಿನ ಬ್ಯಾಂಡನ್ನು ಗಟ್ಟಿಯಾಗಿ ಹಿಡಿದು, ಬೆರಳಿನ ಸದ್ದಿರುವ ಮೇಲಿನ ಬ್ಯಾಂಡನ್ನು ಬಿಟ್ಟುಬಿಡುತ್ತೇನೆ. ಇಲ್ಲಿ ಅಟ್ಯಾಕ್, ರಿಲೀಸ್ (ಹಿಡಿತ ಬಿಡುವ ಸಮಯ) ಎರಡೂ ತೀರಾ ವೇಗವಾಗಿರಬಾರದು. 60 ಹರ್ಟ್ಜ್‌ನ ಒಂದು ಅಲೆಗೆ ಸುಮಾರು 17 ಮಿಲಿಸೆಕೆಂಡ್ ಬೇಕು. ಅದಕ್ಕಿಂತ ವೇಗವಾಗಿ ಹಿಡಿದು ಬಿಟ್ಟರೆ ಕಂಪ್ರೆಸರ್ ಅಲೆಯ ಆಕಾರವನ್ನೇ ತಿದ್ದುತ್ತದೆ, ಸದ್ದು ಒಡೆಯುತ್ತದೆ.

ಎಕ್ಸ್‌ಫರ್ ಕಂಪನಿಯ ಓಟಿಟಿ ಎಂಬ ಉಚಿತ ಪ್ಲಗಿನ್ ಬೇರೆಯೇ ಜಾತಿ. ಮೂರು ಬ್ಯಾಂಡಿನಲ್ಲೂ ಜೋರಾದದ್ದನ್ನು ಇಳಿಸಿ ಮೆಲ್ಲಗಿರುವುದನ್ನು ಎತ್ತುತ್ತದೆ. ಸಿಂಥ್‌ಗೆ ಡೆಪ್ತ್ (ಪರಿಣಾಮದ ಪ್ರಮಾಣ) ಕಡಿಮೆ ಇಟ್ಟು ಬಳಸಿದರೆ ಜೀವ ಬರುತ್ತದೆ. ಗಾಯನದಲ್ಲಿ ಉಸಿರು, ಕೋಣೆಯ ಸದ್ದು ಎಲ್ಲ ಮುಂದೆ ಬಂದುಬಿಡುತ್ತದೆ.

ಕೊನೆಗೆ ಔಟ್‌ಪುಟ್ ಲೆವೆಲ್ ಸರಿಸಮ ಮಾಡಿ, ಪರದೆ ನೋಡದೆ ಬದಲಿಸಿ ಕೇಳುತ್ತೇನೆ. ಅರ್ಧ ಡೆಸಿಬೆಲ್ ಜಾಸ್ತಿ ಇದ್ದರೂ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎರಡರಲ್ಲಿ ವ್ಯತ್ಯಾಸ ಕೇಳದಿದ್ದರೆ, ಸಿಪಿಯು ಕಡಿಮೆ ತಿನ್ನುವುದೇ ಸೆಷನ್‌ನಲ್ಲಿ ಉಳಿಯುತ್ತದೆ.